ಅರಸನೂ ಪೌರನೇ?

‘ರಾಜ’ ಮತ್ತು ‘ಪ್ರಜೆ’ ಎಂಬ ಪದಗಳನ್ನು ನಮ್ಮ ಹಿರಿಯರು ಜೋಡಿಯಾಗಿಯೇ ಬಳಸುತ್ತಿದ್ದರು. ‘ಪ್ರಜೆ’ ಎಂಬುದಕ್ಕೆ ಸಂತಾನ ಎಂಬ ಅರ್ಥವೂ ಉಂಟು. ಆಳುವವನು ತಂದೆ, ಆಳಿಸಿಕೊಳ್ಳುವವರು ಮಕ್ಕಳು ಎಂಬ ಭಾವನೆ ಆ ಜೋಡಿಯಲ್ಲಿ ಅಡಗಿತ್ತು. ‘ಪೌರ’ ಎಂಬ ಪದದ ಇಂದಿನ ಅರ್ಥವೇ ಬೇರೆ. ಕಾನೂನಿನ ಮುಂದೆ ಇತರರೊಡನೆ ಸರಿಸಮನಾಗಿ ನಿಂತು, ಹಕ್ಕುಗಳನ್ನು ಅನುಭವಿಸುತ್ತ ಕರ್ತವ್ಯಗಳನ್ನು ಹೊರುವವನು ಪೌರ. ಹೀಗಿರಲು, ಸಿಂಹಾಸನದ ಮೇಲಿರುವ ಅರಸನನ್ನು ಅವನ ದೇಶದ ಪೌರನೆಂದು ಕರೆಯಬಹುದೇ?

ಕರೆಯಬಹುದೆನ್ನುವವರ ವಾದವು ಹುರುಳಿಲ್ಲದ್ದಲ್ಲ. ಅರಸನೂ ಆ ದೇಶದವನೇ. ಅದರ ಸುಖದುಃಖಗಳಲ್ಲಿ ಅವನೂ ಭಾಗಿ. ಬ್ರಿಟನ್ನಿನ ರಾಣಿ ಎರಡನೆಯ ಎಲಿಜಬೆತ್ 1993ರಿಂದ ತಾವಾಗಿಯೇ ಆದಾಯ ತೆರಿಗೆಯನ್ನು ಸಲ್ಲಿಸತೊಡಗಿದರು. ಆದರೆ ‘ತಾವಾಗಿಯೇ’ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ಸಾಮಾನ್ಯನಿಗೆ ತೆರಿಗೆಯು ತೀರಿಸಲೇಬೇಕಾದ ಋಣ. ರಾಣಿಗೆ ಅದು ಮನಸಾರೆ ಒಪ್ಪಿಕೊಂಡ ಕಟ್ಟಳೆ.

ಅದೇ ದೇಶದ ಇತರ ಪದ್ಧತಿಗಳನ್ನೂ ನೋಡೋಣ. ಅಲ್ಲಿ ಪಾಸ್‌ಪೋರ್ಟುಗಳನ್ನು ದೊರೆಯ ಹೆಸರಿನಲ್ಲಿ ನೀಡಲಾಗುತ್ತದೆ. ಆದುದರಿಂದ ದೊರೆಗೆ ಪಾಸ್‌ಪೋರ್ಟಿನ ಅಗತ್ಯವಿಲ್ಲ. ಅಪರಾಧಿಗಳ ಮೇಲಿನ ಮೊಕದ್ದಮೆಗಳು ದೊರೆಯ ಹೆಸರಿನಲ್ಲಿ ನಡೆಯುತ್ತವೆ. ದೊರೆಯ ಮೇಲೆಯೇ ಮೊಕದ್ದಮೆ ಹೂಡುವಂತಿಲ್ಲ. 1649ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯನ್ನು ವಿಚಾರಣೆಗೆ ಗುರಿಪಡಿಸಿದಾಗ, ಅರಸನನ್ನು ವಿಚಾರಿಸುವ ಅಧಿಕಾರವು ಯಾವ ನ್ಯಾಯಾಲಯಕ್ಕೂ ಇಲ್ಲವೆಂದು ಅವನು ವಾದಿಸಿದನು. ಆ ವಾದವು ಅವನ ತಲೆಯನ್ನು ಉಳಿಸಲಿಲ್ಲ.

ಹಾಗಾದರೆ ಅರಸನು ಪೌರನಿಗಿಂತ ಮೇಲಾದವನೇ? ಒಂದು ದೃಷ್ಟಿಯಿಂದ ಮೇಲಾದವನು. ಇನ್ನೊಂದು ದೃಷ್ಟಿಯಿಂದ ಬಡವನು. ಬ್ರಿಟನ್ನಿನ ದೊರೆ ಸಂಪ್ರದಾಯದಂತೆ ಚುನಾವಣೆಯಲ್ಲಿ ಮತ ನೀಡುವುದಿಲ್ಲ. ಯಾವ ಪಕ್ಷದ ಪರವಾಗಿಯೂ ಮಾತನಾಡುವುದಿಲ್ಲ. ರೋಮನ್ ಕ್ಯಾಥೊಲಿಕ್ ಪಂಥವನ್ನು ಸೇರಿದರೆ ಸಿಂಹಾಸನಕ್ಕೇ ಎರವಾಗಬೇಕಾಗುತ್ತದೆ. 1936ರಲ್ಲಿ ಎಂಟನೆಯ ಎಡ್ವರ್ಡ್ ತಾನು ಮೆಚ್ಚಿದ ಮಹಿಳೆಯನ್ನು ವಿವಾಹವಾಗುವುದಕ್ಕಾಗಿ ಪಟ್ಟವನ್ನೇ ತ್ಯಜಿಸಿದನು. ಅವನ ರಾಜ್ಯದ ಕೂಲಿಕಾರನು ಅಂಥ ಬೆಲೆಯನ್ನು ತೆರಬೇಕಾಗಿರಲಿಲ್ಲ.

ಅರಸುತನ ಕಳೆದ ಮೇಲೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಮೈಸೂರು ಸಂಸ್ಥಾನವು 1947ರಲ್ಲಿ ಭಾರತ ಒಕ್ಕೂಟವನ್ನು ಸೇರಿತು. 1956ರಲ್ಲಿ ಅವರು ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾದರು. 1971ರ ಸಂವಿಧಾನ ತಿದ್ದುಪಡಿಯು ಮಾಜಿ ಅರಸರ ರಾಜಧನವನ್ನೂ ವಿಶೇಷ ಮನ್ನಣೆಯನ್ನೂ ರದ್ದುಗೊಳಿಸಿತು. ಅವರ ಪುತ್ರ ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಜನರ ಬಳಿಗೆ ಹೋಗಿ ಮತ ಯಾಚಿಸಿ, 1984ರಲ್ಲಿ ಲೋಕಸಭೆಗೆ ಆಯ್ಕೆಯಾದರು. 2004ರ ಚುನಾವಣೆಯಲ್ಲಿ ಸೋತರು. ಅರಮನೆಯ ಮುಂದೆ ತಲೆಬಾಗಿ ನಿಲ್ಲುತ್ತಿದ್ದವರ ಮಕ್ಕಳು, ಮೊಮ್ಮಕ್ಕಳೇ ಅವರನ್ನು ಗೆಲ್ಲಿಸಿದರು, ಅವರೇ ಸೋಲಿಸಿದರು. ಇದರಲ್ಲಿ ಅಪಮಾನವೇನೂ ಇಲ್ಲ. ಅವರು ನಮ್ಮೆಲ್ಲರಂತೆ ಪೌರರಾಗಿದ್ದರೆಂಬುದಕ್ಕೆ ಆ ಗೆಲುವೂ ಆ ಸೋಲೂ ಸಮಾನವಾದ ಸಾಕ್ಷಿಗಳು.

ಆದುದರಿಂದ, ಆಳುವ ಅರಸನು ಪೌರನಲ್ಲವೆಂದೇ ನನ್ನ ಅಭಿಪ್ರಾಯ. ಸರಿಸಮಾನರಿಲ್ಲದವನು ಪೌರನಾಗಲಾರನು, ಪೌರತ್ವದ ಜೀವಾಳವೇ ಸಮಾನತೆ. ‘ಪ್ರಜೆ’ ಎಂಬ ಹಳೆಯ ಪದವು ಇಂದು ‘ಪ್ರಜಾಪ್ರಭುತ್ವ’ದಲ್ಲಿ ಸೇರಿ ಪ್ರಭುವಿನ ಸ್ಥಾನವನ್ನು ಪಡೆದಿದೆ. ಹದಿನೆಂಟು ವರ್ಷ ತುಂಬಿದೊಡನೆ ನಿಮಗೆ ಮತದಾನದ ಹಕ್ಕು ದೊರೆಯುತ್ತದೆ. ಬ್ರಿಟನ್ನಿನ ದೊರೆಗೆ ಒದಗದ ಭಾಗ್ಯವದು. ಆಲಸ್ಯದಿಂದ ಅದನ್ನು ಬಿಟ್ಟುಕೊಡುವವನು, ಅರಸನಿಲ್ಲದ ನಾಡಿನಲ್ಲಿಯೂ ಹಳೆಯ ಅರ್ಥದ ಪ್ರಜೆಯಾಗಿಯೇ ಉಳಿಯುವನು.