ಗಲ್ಲಾದ ಮೇಲೆ ಪ್ರಶಸ್ತಿ, ಹಿತ್ತಲಲ್ಲಿ ಬಕೆಟು



ಈಗ ಎಲ್ಲೆಲ್ಲೂ ಶುಚಿತ್ವದ ಪ್ರಶಸ್ತಿಗಳ ಸುಗ್ಗಿ. 2024ರ ಜನವರಿಯಲ್ಲಿ ನಮ್ಮ ಸೂರತ್ ನಗರವು ಇಂದೋರಿಗೆ ಸರಿಸಮನಾಗಿ ದೇಶದ ಅತಿ ಸ್ವಚ್ಛ ನಗರವೆಂಬ ಬಿರುದು ಪಡೆಯಿತು. 2025ರ ಜುಲೈ ತಿಂಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳ ಪೈಕಿ ಅಹಮದಾಬಾದಿಗೆ ಮೊದಲ ಸ್ಥಾನ ಬಂದಿತು. ನಗರಕ್ಕೆ ಬಂದ ಮೇಲೆ ಹೋಟೆಲಿಗೂ ಕಾರ್ಖಾನೆಗೂ ಬೇಡವೇ? ಶುಚಿಯಾದ ಹೋಟೆಲು, ಕಸ ತಗ್ಗಿಸಿದ ಕಾರ್ಖಾನೆ ಎಂದು ಪ್ರಮಾಣಪತ್ರಗಳು ಹಂಚಿಕೆಯಾಗುತ್ತಿವೆ.

ಇದನ್ನು ಹಗುರವಾಗಿ ಕಾಣುವವನು ನಾನಲ್ಲ. 1994ರ ಸೆಪ್ಟೆಂಬರಿನಲ್ಲಿ ಇದೇ ಸೂರತಿನಿಂದ ಪ್ಲೇಗಿಗೆ ಹೆದರಿ ಲಕ್ಷಾಂತರ ಜನ ಗಂಟುಮೂಟೆ ಕಟ್ಟಿ ಓಡಿಹೋದರು. ಹೆಚ್ಚಿನವರು ನಮ್ಮಂತೆ ಹೊರಗಿನಿಂದ ದುಡಿಯಲು ಬಂದವರೇ. ಆ ಊರು ಈ ಮಟ್ಟಕ್ಕೆ ಬಂದುದು ಸಣ್ಣ ಮಾತಲ್ಲ. ಪಾಂಡೇಸರಾದ ಬಣ್ಣದ ಮಿಲ್ಲುಗಳಿಗೆ ಕೊಳಚೆ ನೀರನ್ನೇ ಶುದ್ಧಿ ಮಾಡಿ ಕೊಡಲು ದಿನಕ್ಕೆ 4 ಕೋಟಿ ಲೀಟರಿನ ಯಂತ್ರಾಗಾರವನ್ನು 2014ರಲ್ಲಿ ನಡೆಸಲು ತೊಡಗಿದರು. ಒಳ್ಳೆಯ ಕೆಲಸ. ಹೊಗಳೋಣ. ಆದರೆ ಅಂಕ ಹಾಕುವ ಮಹನೀಯರು ಯಾವ ಬಾಗಿಲಿನಿಂದ ಒಳಗೆ ಬರುತ್ತಾರೆ, ಯಾರನ್ನು ಮಾತನಾಡಿಸುತ್ತಾರೆ ಎಂಬುದನ್ನು ಕೇಳುವ ಹಕ್ಕು ನಮಗೆ ಇದೆಯೋ ಇಲ್ಲವೋ?

ನಾನು ಕಣ್ಣಾರೆ ಕಂಡುದನ್ನು ಹೇಳುತ್ತೇನೆ. ಏಳನೇ ಇಯತ್ತೆಗೆ ಓದು ಬಿಟ್ಟು, ಊರಿನಲ್ಲಿ ನಾಲ್ಕು ವರ್ಷ ಕೂಲಿ ಮಾಡಿ, ಕುಂದಾಪುರದ ಕಡೆಯಿಂದ ಅಹಮದಾಬಾದಿಗೆ ಬಂದವನು ನಾನು. ಒಂದು ಹೋಟೆಲಿನಲ್ಲಿ ಟೇಬಲು ಒರೆಸುವುದರಿಂದ ಹಿಡಿದು ಸಪ್ಲೈಯವರೆಗೆ ಎಲ್ಲ ಮಾಡಿದೆ. ಹೆಸರು ಬೇಡ, ಅವರ ಉಪ್ಪು ತಿಂದಿದ್ದೇನೆ. ಒಂದು ದಿನ ಬೆಳಿಗ್ಗೆ ಹಸಿರು ಒಂದು, ನೀಲಿ ಒಂದು, ಹೀಗೆ ಎರಡು ಹೊಸ ಡಬ್ಬಿಗಳು ಬಂದವು. ಹನ್ನೊಂದು ಗಂಟೆಗೆ ತಪಾಸಣೆಯವರು ಬಂದರು. ಗಲ್ಲಾದ ಎದುರು ಕುಳಿತು ಮಸಾಲೆ ದೋಸೆ ತಿಂದು ಕಾಫಿ ಕುಡಿದರು, ಡಬ್ಬಿಗಳ ಫೋಟೋ ತೆಗೆದರು, ಹೋದರು. ತೊಳೆಯುವ ಕಟ್ಟೆಯ ಕಡೆಗೆ ಒಬ್ಬನೂ ತಲೆ ಹಾಕಲಿಲ್ಲ. ತಿಂಗಳೊಳಗೆ ಕನ್ನಡಿ ಹಾಕಿಸಿದ ಪ್ರಮಾಣಪತ್ರವು ದೇವರ ಪಟದ ಪಕ್ಕಕ್ಕೆ ಏರಿತು. ಹಸಿರು ಡಬ್ಬಿಯಲ್ಲಿ ಈರುಳ್ಳಿ ತುಂಬಿದರು. ನೀಲಿ ಡಬ್ಬಿ ಉಗ್ರಾಣದಲ್ಲಿ ಸಕ್ಕರೆ ಚೀಲದ ಹಿಂದೆ ಸೇರಿತು.

ಹಿತ್ತಲಲ್ಲಿ ಮಾತ್ರ ಹಳೆಯ ಕಥೆಯೇ. ಎಂಜಲು, ಚಾ ಚರಟ, ಒಡೆದ ಗ್ಲಾಸು, ಪ್ಲಾಸ್ಟಿಕ್ಕು ಎಲ್ಲವೂ ಒಂದೇ ಬಕೆಟಿಗೆ. "ಪ್ರಶಸ್ತಿ ಬಂದಿದೆ, ಬೇರೆ ಬೇರೆ ಮಾಡಿ ಕೊಡಿ" ಎಂದು ಅಪ್ಪಣೆಯಾಯಿತು. ಬರಿಗೈಯಲ್ಲಿ ಬೇರ್ಪಡಿಸಲು ಹೋದ ಕ್ಲೀನರ್ ಹುಡುಗನ ಹೆಬ್ಬೆರಳು ಗ್ಲಾಸಿಗೆ ಸಿಕ್ಕಿ ಸೀಳಿತು. ಅರಸಿನ ಮೆತ್ತಿ ಬಟ್ಟೆ ಕಟ್ಟಿದೆವು. ಮೂರು ದಿನ ಮಲಗಿದ, ಮೂರು ದಿನದ ಸಂಬಳ ಹೋಯಿತು. "ಧಣಿಗಳೇ, ಆ ಕಾಗದದಲ್ಲಿ ಅವನ ಹೆಸರೂ ಇರಬೇಕಿತ್ತಲ್ಲ" ಎಂದೆ. "ನಿನಗೂ ಒಂದು ಪಟ ಬೇಕಾ ಮಾರಾಯ? ಹೋಗು, ಆರನೇ ಟೇಬಲಿಗೆ ನೀರು ಇಡು" ಎಂದರು. ಹೋಗಿ ಇಟ್ಟೆ. ಆಗ ಸಂಘದ ಗಾಳಿ ನನಗೆ ಸೋಕಿರಲಿಲ್ಲ.

ಕಸ ಹುಟ್ಟಿದ ಜಾಗದಲ್ಲೇ ಹಸಿ ಬೇರೆ, ಒಣ ಬೇರೆ ಆಗಬೇಕು, ಹೋಟೆಲುಗಳೂ ಇದಕ್ಕೆ ಹೊರತಲ್ಲ ಎಂದು ಕೇಂದ್ರ ಸರಕಾರ 2016ರಲ್ಲೇ ನಿಯಮ ಮಾಡಿತ್ತು. ಅಂದರೆ ಈಗ ಕೊಡುತ್ತಿರುವುದು ಕಾನೂನಿನಂತೆ ನಡೆದುದಕ್ಕೆ ಬಹುಮಾನ! ತಿಂಗಳ ಸಂಬಳವನ್ನು ಏಳನೇ ತಾರೀಖಿಗೆ ಕೊಟ್ಟ ಧಣಿಗೆ ಯಾರಾದರೂ ಹಾರ ಹಾಕಿದ್ದುಂಟೇ?

ಎಣ್ಣೆಯ ವಿಷಯವೂ ಹಾಗೆಯೇ. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ನೂರಕ್ಕೆ 25 ಮೀರಿದರೆ ಅದನ್ನು ಮತ್ತೆ ಬಳಸಬಾರದೆಂದು 2018ರ ಜುಲೈಯಿಂದ ಕಟ್ಟಳೆಯಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಅಂಥ ಎಣ್ಣೆಯನ್ನು ಸಂಗ್ರಹಿಸಿ ಡೀಸೆಲಿನಂಥ ಇಂಧನ ಮಾಡುವ ಯೋಜನೆಯೂ ಬಂದಿತು. ವಡೆ ಬಾಣಲೆಯ ಎಣ್ಣೆ ಎಷ್ಟನೇ ದಿನದ್ದು, ರಾತ್ರಿ ಡಬ್ಬ ತುಂಬಿ ಯಾರಿಗೆ ಹೋಗುತ್ತದೆ ಎಂಬುದು ಬಾಣಲೆಯ ಮುಂದೆ ನಿಂತ ಭಟ್ಟರಿಗೆ ಗೊತ್ತು. ಅವರನ್ನು ಕೇಳಿದವರು ಯಾರು?

ಮರುಬಳಕೆಯೆಂಬ ವಿದ್ಯೆಯನ್ನು ನಮಗೆ ದೊಡ್ಡವರು ಕಲಿಸಬೇಕಾಗಿಲ್ಲ. ಅಹಮದಾಬಾದಿನ ಮಿಲ್ಲುಗಳ ಚಿಂದಿಯನ್ನು ತಂದು ಕೌದಿ ಹೊಲಿದವರು, ಬೀದಿಯ ಕಾಗದ ಆಯ್ದು ಮಾರಿದವರು ಬಡ ಹೆಂಗಸರು. 1972ರಲ್ಲಿ ಇಳಾ ಭಟ್ ಅವರು ಸೇವಾ ಸಂಘ ಕಟ್ಟಿದಾಗ ಅದರೊಳಗೆ ಬಂದವರು ಇಂಥ ತಾಯಂದಿರೇ. ಅವರಿಗೆ ಯಾವ ಗೋಡೆಯ ಮೇಲೆ ಪಟ ಇದೆ?

ಇನ್ನು ಹೇಳಲೇಬೇಕಾದ ಮಾತು. ವಡೋದರಾ ಜಿಲ್ಲೆಯ ಡಭೋಯಿ ತಾಲ್ಲೂಕಿನ ಫರ್ತಿಕುಯಿ ಗ್ರಾಮದಲ್ಲಿ 2019ರ ಜೂನ್ ತಿಂಗಳ ಒಂದು ರಾತ್ರಿ, ಹೋಟೆಲೊಂದರ ಸೆಪ್ಟಿಕ್ ಟ್ಯಾಂಕು ಶುಚಿ ಮಾಡಲು ಒಬ್ಬನು ಇಳಿದ. ಮೇಲೆ ಬರಲಿಲ್ಲ. ಅವನನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದರು. ಏಳು ಜನ ಉಸಿರುಗಟ್ಟಿ ಸತ್ತರು. ನಾಲ್ವರು ಶುಚಿ ಕಾರ್ಮಿಕರು, ಮೂವರು ಆ ಹೋಟೆಲಿನ ನೌಕರರು. ಬಂಧುಗಳೇ, ಮೂವರು ಹೋಟೆಲು ನೌಕರರು! ಮನುಷ್ಯನನ್ನು ಹೀಗೆ ಇಳಿಸಕೂಡದೆಂದು 2013ರ ಕಾನೂನು ಆಗ ಜಾರಿಯಲ್ಲಿತ್ತು.

ಸೂರತಿನ ಮಾತು ಕೇಳಿ. 2022ರ ಜನವರಿ 6, ಬೆಳಗಿನ ಜಾವ. ಸಚಿನ್ ಕೈಗಾರಿಕಾ ವಸಾಹತಿನಲ್ಲಿ ಟ್ಯಾಂಕರೊಂದು ರಾಸಾಯನಿಕ ತ್ಯಾಜ್ಯವನ್ನು ಕದ್ದು ಚರಂಡಿಗೆ ಬಿಡುತ್ತಿದ್ದಾಗ ವಿಷದ ಗಾಳಿ ಎದ್ದಿತು. ಪಕ್ಕದ ಬಣ್ಣದ ಮಿಲ್ಲಿನಲ್ಲಿ ರಾತ್ರಿ ಪಾಳಿಯವರಿದ್ದರು. ಆರು ಜನ ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅದೇ ವರ್ಷ ಅಕ್ಟೋಬರ್ 1ರಂದು ಸೂರತಿಗೆ ದೇಶದ ಎರಡನೇ ಸ್ವಚ್ಛ ನಗರವೆಂಬ ಪ್ರಶಸ್ತಿ! ಪ್ರಶಸ್ತಿ ಬಂದುದು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಆರು ಜನರ ಸಾವು ಅಂಕಪಟ್ಟಿಯ ಯಾವ ಕಾಲಮಿನಲ್ಲಿ ಬಿತ್ತು ಎಂದು ಕೇಳುತ್ತಿದ್ದೇನೆ.

ಪ್ರವಾಸಿಗಳು ತಂಗುವ ಹೋಟೆಲುಗಳಿಗೆ ಎಲೆಯ ಗುರುತು ಕೊಡುವ ಪದ್ಧತಿಯನ್ನು ಸರಕಾರ 2023ರಲ್ಲಿ ತಂದಿತು. ಒಟ್ಟು 200 ಅಂಕ. ಅದರಲ್ಲಿ 80 ಮಲದ ವಿಲೇವಾರಿಗೆ, 80 ಕಸಕ್ಕೆ, 40 ಬಳಸಿದ ನೀರಿಗೆ. ನಮ್ಮ ಬೇಡಿಕೆ ಸರಳವಾದುದು. ಟ್ಯಾಂಕಿಗೆ ಮನುಷ್ಯ ಇಳಿದನೆಂದು ಸಾಬೀತಾದರೆ ಆ ಹೋಟೆಲಿಗೆ ಇನ್ನೂರೂ ಸೊನ್ನೆಯಾಗಬೇಕು. ಗೋಡೆಯ ಪಟ ಕೆಳಗಿಳಿಯಬೇಕು.

ಧಣಿಗಳು ಹೇಳುವುದುಂಟು: "ನಾವು ಬೇರ್ಪಡಿಸಿ ಏನು ಪ್ರಯೋಜನ, ಗಾಡಿಯವನು ಎಲ್ಲವನ್ನೂ ಒಂದೇ ಕಡೆ ಸುರಿಯುತ್ತಾನೆ, ನಮ್ಮ ಹುಡುಗರಿಗೂ ತಿಳಿವಳಿಕೆ ಇಲ್ಲ." ಗಾಡಿಯವನು ಸುರಿದರೆ ನಗರಸಭೆಗೆ ಬರೆಯಿರಿ, ನಾವೂ ಸಹಿ ಹಾಕುತ್ತೇವೆ. ಹುಡುಗರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಒಪ್ಪಿಕೊಳ್ಳೋಣ. ರಾತ್ರಿ ಹನ್ನೊಂದಕ್ಕೆ ಹೊದೆದು ಮಲಗುವ ಆತುರದಲ್ಲಿ ನಾವೂ ಎಲ್ಲವನ್ನೂ ಒಂದೇ ಬಕೆಟಿಗೆ ಗುಡಿಸುತ್ತೇವೆ. ನಾನೂ ಗುಡಿಸಿದ್ದೇನೆ. ಹದಿನಾಲ್ಕು ಗಂಟೆ ನಿಂತ ಕಾಲಿಗೆ ನೀಲಿ ಯಾವುದು, ಹಸಿರು ಯಾವುದು? ಆ ಕೆಲಸಕ್ಕೆ ಅರ್ಧ ಗಂಟೆ ಬೇಕು. ಅರ್ಧ ಗಂಟೆಯ ಕೂಲಿಯೂ ಬೇಕು. ಕೈಗೆ ರಬ್ಬರ್ ಚೀಲ ಬೇಕು. ಬಾಟಲಿ, ರಟ್ಟು, ತಗಡು ಮಾರಿದ ಭಂಗಾರದ ದುಡ್ಡು ಗಲ್ಲಾಕ್ಕೆ ಹೋಗದೆ ಬೇರ್ಪಡಿಸಿದವರ ಕೈಗೆ ಬರಬೇಕು. ಹಾಗೆ ಕೊಡುವ ಧಣಿಗಳೂ ಕೆಲವರಿದ್ದಾರೆ. ಅಂಥವರಿಗೆ ಬೇಕಾದರೆ ನಾವೇ ಮೊದಲ ಹಾರ ಹಾಕುತ್ತೇವೆ.

ಮುಂದಿನ ಸಲ ಅಂಕ ಹಾಕುವವರು ಹಿಂದಿನ ಬಾಗಿಲಿನಿಂದ ಬರಲಿ. ಹೇಳದೆ ಬರಲಿ, ರಾತ್ರಿ ಬರಲಿ. ಧಣಿಗಳನ್ನು ಹೊರಗೆ ಕೂರಿಸಿ ಕ್ಲೀನರನನ್ನೂ ಭಟ್ಟರನ್ನೂ ಮಾತನಾಡಿಸಲಿ. ಮಿಲ್ಲಾದರೆ ರಾತ್ರಿ ಪಾಳಿಯವರನ್ನು ಕೇಳಲಿ. ಅವರ ಸಹಿಯಿಲ್ಲದೆ ಯಾವ ಪ್ರಮಾಣಪತ್ರವೂ ಹೊರಡಬಾರದು.

ಇಷ್ಟನ್ನು ಬರೆದು ಮೂರೂ ನಗರಗಳ ಮಹಾನಗರಪಾಲಿಕೆಗಳಿಗೆ ಅರ್ಜಿ ಸಿದ್ಧಮಾಡಿದ್ದೇವೆ. ಗುಜರಾತಿಯಲ್ಲೂ ಬರೆಸಿದೆ. ಅರ್ಜಿ ಸಂಘದ ಕೋಣೆಯಲ್ಲಿದೆ. ಶಟರು ಎಳೆದ ಮೇಲೆ ಎಷ್ಟು ಹೊತ್ತಿಗೆ ಬಂದರೂ ದೀಪ ಉರಿಯುತ್ತಿರುತ್ತದೆ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರೂ ಸಾಕು.