ಗಾಜಿನ ನಳಿಕೆಯೊಳಗಿನ ರಾಣಿ

ಕೀನ್ಯಾ ದೇಶದ ನಕುರು ಸೀಮೆಯ ಅತಿಥಿಗೃಹವೊಂದರಲ್ಲಿ 2025ರ ಏಪ್ರಿಲ್ 5ರಂದು ಬೆಲ್ಜಿಯಂನ ಇಬ್ಬರು ತರುಣರು ಸೆರೆಯಾದರು. ಅವರ ಬಳಿ ದೊರೆತದ್ದು ಆನೆಯ ದಂತವಲ್ಲ, ಖಡ್ಗಮೃಗದ ಕೊಂಬೂ ಅಲ್ಲ. ಸುಮಾರು 5,000 ರಾಣಿ ಇರುವೆಗಳು. ತುದಿಗೆ ಹತ್ತಿ ತುರುಕಿದ ಎರಡು ಸಾವಿರಕ್ಕೂ ಮಿಕ್ಕ ನಳಿಕೆಗಳಲ್ಲಿ ಅವುಗಳನ್ನು ಜೀವಂತವಾಗಿ ತುಂಬಿಡಲಾಗಿತ್ತು. ಈ ವ್ಯವಸ್ಥೆಯಲ್ಲಿ ಇರುವೆಗಳು ಎರಡು ತಿಂಗಳವರೆಗೆ ಬದುಕಬಲ್ಲವೆಂದು ಅಲ್ಲಿನ ವನ್ಯಜೀವಿ ಅಧಿಕಾರಿಗಳು ತಿಳಿಸಿದರು. ಅದೇ ಸಮಯದಲ್ಲಿ ವಿಯೆಟ್ನಾಂನ ಒಬ್ಬ ಹಾಗೂ ಕೀನ್ಯಾದವನೇ ಆದ ಇನ್ನೊಬ್ಬನ ಬಳಿ ಸುಮಾರು 400 ಇರುವೆಗಳು ಸಿಕ್ಕವು. ಮೇ 7ರಂದು ನೈರೋಬಿಯ ವಿಮಾನನಿಲ್ದಾಣದ ನ್ಯಾಯಾಲಯವು ನಾಲ್ವರಿಗೂ ತಲಾ ಹತ್ತು ಲಕ್ಷ ಶಿಲಿಂಗ್ ದಂಡ, ತಪ್ಪಿದರೆ ಹನ್ನೆರಡು ತಿಂಗಳ ಸೆರೆವಾಸ ವಿಧಿಸಿತು. ಜೀವಿಗಳನ್ನು ತಮ್ಮ ನೆಲೆಯಿಂದ ಕಿತ್ತು ಇಕ್ಕಟ್ಟಾದ ಡಬ್ಬಿಗಳಲ್ಲಿ ತುಂಬಿ ಸಾಗಿಸುವ ಈ ಬಗೆಯು ಗುಲಾಮರ ವ್ಯಾಪಾರವನ್ನು ನೆನಪಿಗೆ ತರುತ್ತದೆ ಎಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು.

ಇರುವೆಗಾಗಿ ಇಷ್ಟೆಲ್ಲ ಸಾಹಸವೇಕೆ ಎಂಬ ಪ್ರಶ್ನೆ ಹಳ್ಳಿಗರಿಗೆ ಸಹಜವಾಗಿಯೇ ಮೂಡೀತು. ಯುರೋಪ್, ಅಮೆರಿಕ ಹಾಗೂ ಚೀನಾದಲ್ಲಿ ಇರುವೆ ಸಾಕುವುದು ಇಂದು ಬೆಳೆದ ಹವ್ಯಾಸ. ಮೀನಿನ ತೊಟ್ಟಿಯಂತೆ ಗಾಜಿನ ಪೆಟ್ಟಿಗೆಯಲ್ಲಿ ಮಣ್ಣು ತುಂಬಿ, ಒಂದು ರಾಣಿಯನ್ನು ಬಿಟ್ಟು, ಅದು ಸಂಸಾರ ಕಟ್ಟುವುದನ್ನು ನೋಡುತ್ತ ಕೂರುವ ಜನರಿದ್ದಾರೆ. ಊರಿನ ಇರುವೆಯಿಂದ ಆರಂಭವಾದ ಆಸಕ್ತಿ ಕೆಲವರಲ್ಲಿ ದೂರದೇಶದ ದೊಡ್ಡ, ಬಣ್ಣದ, ಅಪರೂಪದ ಜಾತಿಗಳ ಹಂಬಲವಾಗಿ ತಿರುಗುತ್ತದೆ. ಕೀನ್ಯಾದಲ್ಲಿ ವಶಪಡಿಸಿಕೊಂಡ 'ಮೆಸ್ಸರ್ ಸೆಫಲೋಟಿಸ್' ಎಂಬ ಬೀಜ ಸಂಗ್ರಹಿಸುವ ಇರುವೆ ಅಂಥದೊಂದು ಜಾತಿ. ಕೆಂಪು-ಕಪ್ಪು ಮೈಯ ಇದರ ರಾಣಿಯ ಉದ್ದ ಸುಮಾರು ಒಂದು ಅಂಗುಲ. ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಒಂದು ರಾಣಿಗೆ 170 ಪೌಂಡ್‌ವರೆಗೆ, ಅಂದರೆ ಹದಿನೆಂಟು ಸಾವಿರ ರೂಪಾಯಿಗೂ ಮಿಕ್ಕ ಬೆಲೆಯಿತ್ತೆಂದು ಆಗ ವರದಿಯಾಗಿತ್ತು. ಚೀನಾದ ಅಂತರಜಾಲ ಮಾರಾಟವನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಸುಮಾರು 58,000 ಇರುವೆ ಸಂಸಾರಗಳ ವಹಿವಾಟನ್ನು ಗುರುತಿಸಿತು. ಮಾರಾಟವಾದ ಜಾತಿಗಳಲ್ಲಿ ಕಾಲುಭಾಗಕ್ಕೂ ಹೆಚ್ಚಿನವು ಆ ದೇಶದವೇ ಅಲ್ಲ.

ವ್ಯಾಪಾರವು ರಾಣಿಯ ಸುತ್ತಲೇ ಏಕೆ ಸುತ್ತುತ್ತದೆ ಎಂಬುದನ್ನು ತಿಳಿಯಲು ಇರುವೆಯ ಜೀವನಕ್ರಮವನ್ನು ಅರಿಯಬೇಕು. ಮಳೆ ಬಿದ್ದು ನೆಲ ಹದವಾದಾಗ ಗೂಡುಗಳಿಂದ ರೆಕ್ಕೆಯ ಗಂಡು-ಹೆಣ್ಣುಗಳು ಒಮ್ಮೆಲೇ ಹೊರಬೀಳುತ್ತವೆ. ಮಿಲನದ ಬಳಿಕ ಗಂಡು ಸಾಯುತ್ತದೆ. ಹೆಣ್ಣು ನೆಲಕ್ಕಿಳಿದು, ತನ್ನ ರೆಕ್ಕೆಗಳನ್ನು ತಾನೇ ಕಳಚಿ, ಸಣ್ಣ ಬಿಲ ತೋಡಿ ಒಳಗೆ ಸೇರಿ ಬಾಯಿ ಮುಚ್ಚಿಕೊಳ್ಳುತ್ತದೆ. ಅನೇಕ ಜಾತಿಗಳಲ್ಲಿ ಮೊದಲ ಕೆಲಸಗಾರ ಇರುವೆಗಳು ಬೆಳೆದು ಹೊರಬರುವ ತನಕ ಈ ತಾಯಿ ಏನನ್ನೂ ತಿನ್ನುವುದಿಲ್ಲ. ಇನ್ನು ಬೇಡವಾದ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿ ಮರಿಗಳಿಗೆ ಉಣಿಸುತ್ತದೆ. ಆ ಒಂದು ದಿನದ ಮಿಲನದಲ್ಲಿ ಪಡೆದ ಬೀಜಾಣುಗಳೇ ಅದರ ಜೀವಿತಾವಧಿಗೆ ಸಾಕು. ಸಾಕಿದ ಕಪ್ಪು ತೋಟದಿರುವೆಯ ರಾಣಿಯೊಂದು 28 ವರ್ಷಗಳಿಗೂ ಮಿಕ್ಕು ಬದುಕಿದ ದಾಖಲೆಯಿದೆ. ಹೀಗೆ ಒಂದು ರಾಣಿಯೆಂದರೆ ಒಂದು ಕೀಟವಷ್ಟೇ ಅಲ್ಲ, ಹುಟ್ಟಲಿರುವ ಒಂದಿಡೀ ಗೂಡು. ಮಾರುವವನಿಗೆ ಅದೇ ಲಾಭ. ಕಾಡಿಗೆ ಅದೇ ನಷ್ಟ.

ಹವ್ಯಾಸಿಗಳ ವಾದವನ್ನು ಕಡೆಗಣಿಸುವುದು ನ್ಯಾಯವಲ್ಲ. ಹಾರಾಟಕ್ಕೆ ಹೊರಟ ರಾಣಿಗಳಲ್ಲಿ ಬಹುಪಾಲು ಹಕ್ಕಿ, ಓತಿ, ಜೇಡ ಹಾಗೂ ಇತರ ಇರುವೆಗಳ ಬಾಯಿಗೆ ಬೀಳುತ್ತವೆ. ಹೇಗೂ ಸಾಯುವುದರಲ್ಲಿ ಒಂದನ್ನು ಹಿಡಿದು ಸಾಕಿದರೆ ಕೇಡೇನು ಎಂದು ಅವರು ಕೇಳುತ್ತಾರೆ. ಒಬ್ಬ ವಿದ್ಯಾರ್ಥಿ ತನ್ನ ಹಿತ್ತಲಿನ ಒಂದು ರಾಣಿಯನ್ನು ನಳಿಕೆಯಲ್ಲಿಟ್ಟು ನೋಡುವ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆ ನೋಟದಿಂದ ಎಷ್ಟೋ ವಿಜ್ಞಾನಿಗಳು ಹುಟ್ಟಿದ್ದಾರೆ. ಆದರೆ ಒಂದೇ ಜಾತಿಯ ಐದು ಸಾವಿರ ರಾಣಿಗಳನ್ನು ಆಯ್ದು ಗಡಿ ದಾಟಿಸುವುದಕ್ಕೆ ಅದೇ ಸಮರ್ಥನೆ ಒದಗುವುದಿಲ್ಲ. ಹಕ್ಕಿಯ ಹೊಟ್ಟೆ ಸೇರಿದ ರಾಣಿ ಅದೇ ಕಾಡಿನ ಆಹಾರವಾಗಿ ಉಳಿಯುತ್ತದೆ. ವಿಮಾನವೇರಿದ ರಾಣಿ ಆ ನೆಲಕ್ಕೆ ಏನನ್ನೂ ಹಿಂದಿರುಗಿಸದು. ಬೀಜ ಸಂಗ್ರಹಿಸುವ ಇರುವೆಗಳು ಹುಲ್ಲುಗಾವಲಿನ ಬೀಜಗಳನ್ನು ಚದುರಿಸುತ್ತವೆ, ಮಣ್ಣನ್ನು ಸಡಿಲಗೊಳಿಸಿ ಗಾಳಿ-ನೀರು ಇಳಿಯುವಂತೆ ಮಾಡುತ್ತವೆ. ಆ ಕೆಲಸವನ್ನು ಗಾಜಿನ ಪೆಟ್ಟಿಗೆಯೊಳಗಿನ ಇರುವೆ ಮಾಡಲಾರದು.

ಎರಡನೆಯ ಅಪಾಯ ಇರುವೆ ಹೋಗಿ ಸೇರುವ ನೆಲದ್ದು. ಗಾಜಿನ ಪೆಟ್ಟಿಗೆಯ ಸಂದಿಯಿಂದ ನುಸುಳುವುದು ಇರುವೆಗೆ ಕಷ್ಟವಲ್ಲ. ಬೇಸರ ಬಂದಾಗ ಪೆಟ್ಟಿಗೆಯನ್ನೇ ಹೊರಗೆ ಸುರಿಯುವುದು ಮನುಷ್ಯನಿಗೂ ಕಷ್ಟವಲ್ಲ. ದಕ್ಷಿಣ ಅಮೆರಿಕದ ಕೆಂಪು ಬೆಂಕಿ ಇರುವೆ ಹಡಗಿನ ಸರಕಿನೊಡನೆ ಅಮೆರಿಕದ ಮೊಬೀಲ್ ಬಂದರಿಗೆ ಬಂದಿಳಿದು, ದಕ್ಷಿಣದ ರಾಜ್ಯಗಳನ್ನೆಲ್ಲ ವ್ಯಾಪಿಸಿತು. ಇಟಲಿಯ ಸಿಸಿಲಿಯಲ್ಲಿ ಇದೇ ಇರುವೆಯ 88 ಗೂಡುಗಳಿರುವುದು 2023ರಲ್ಲಿ ಪ್ರಕಟವಾಯಿತು. ಹಿಂದೂ ಮಹಾಸಾಗರದ ಕ್ರಿಸ್‌ಮಸ್ ದ್ವೀಪದಲ್ಲಿ ಹೊರಗಿನಿಂದ ಬಂದ ಹಳದಿ ಹುಚ್ಚಿರುವೆಗಳು ಕೋಟಿಗೂ ಮಿಕ್ಕ ಕೆಂಪು ಏಡಿಗಳನ್ನು ಕೊಂದು ಕಾಡಿನ ಸ್ವರೂಪವನ್ನೇ ಬದಲಿಸಿದವು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂತಮಲೈ ಕಾಡಿನಂಚಿನ ಹಳ್ಳಿಗಳು 2022ರಲ್ಲಿ ಇದೇ ಇರುವೆಯ ಹಾವಳಿಗೆ ತುತ್ತಾಗಿದ್ದವು. ಇವೆಲ್ಲ ಹವ್ಯಾಸಿಗಳ ತಪ್ಪಿನಿಂದಾದುವಲ್ಲ. ಆದರೆ ಸಾಕುಪ್ರಾಣಿಯಾಗಿ ಮಾರಾಟವಾಗುವ ಇರುವೆಗಳಲ್ಲಿ ಆಕ್ರಮಣಶೀಲ ಜಾತಿಗಳ ಪಾಲು ಸಹಜಕ್ಕಿಂತ ಬಹಳ ಹೆಚ್ಚೆಂದು 2021ರ ಸಂಶೋಧನೆಯೊಂದು ತೋರಿಸಿದೆ. ಎಲ್ಲಿ ಬಿಟ್ಟರೂ ಬದುಕುವ, ಬೇಗ ಹೆಚ್ಚುವ ಜೀವಿಯೇ ಸಾಕುವವರಿಗೆ ಅನುಕೂಲ; ಹೊಸ ನೆಲವನ್ನು ಆಕ್ರಮಿಸಲು ಬೇಕಾದ ಗುಣವೂ ಅದೇ. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಜೀವಂತ ರಾಣಿಯನ್ನು ಒಯ್ಯಲೂ ಕೃಷಿ ಇಲಾಖೆಯ ಪರವಾನಗಿ ಬೇಕೆಂಬ ನಿಯಮ ಇರುವುದು ಈ ಕಾರಣಕ್ಕೇ.

ಹವ್ಯಾಸಿಯೊಬ್ಬನ ಕುತೂಹಲ ಏನು ಮಾಡಬಲ್ಲದೆಂಬುದಕ್ಕೆ ಮಲೆನಾಡಿಗರು ದೂರ ಹೋಗಬೇಕಿಲ್ಲ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೂ ಕಾಫಿ ತೋಟಕ್ಕೂ ಲಗ್ಗೆಯಿಡುವ ಆಫ್ರಿಕಾದ ದೈತ್ಯ ಬಸವನಹುಳುವನ್ನು ಕಂಡರೆ ಸಾಕು. ಬ್ರಿಟಿಷ್ ಅಧಿಕಾರಿಯೂ ಶಂಖುಚಿಪ್ಪುಗಳ ಸಂಗ್ರಾಹಕನೂ ಆಗಿದ್ದ ವಿಲಿಯಂ ಬೆನ್ಸನ್ 1847ರಲ್ಲಿ ಮಾರಿಷಸ್‌ನಿಂದ ಈ ಹುಳುಗಳನ್ನು ಜೀವಂತವಾಗಿ ಕಲ್ಕತ್ತೆಗೆ ತಂದ. ತೋಟವೊಂದರಲ್ಲಿ ಬಿಟ್ಟ ಅವು ಅಲ್ಲಿಯೇ ನೆಲೆಯೂರಿದವು. ಆತನಿಗೆ ಕೇಡಿನ ಉದ್ದೇಶವಿರಲಿಲ್ಲ. ಆದರೆ ರಾತ್ರಿಯೆಲ್ಲ ಬ್ಯಾಟರಿ ಹಿಡಿದು ಹುಳು ಆಯ್ದು ಉಪ್ಪು ನೀರಿಗೆ ಹಾಕುವ ಇಂದಿನ ರೈತನಿಗೆ ಆ ಸದುದ್ದೇಶದಿಂದ ಪ್ರಯೋಜನವೇನು?

ಇದಕ್ಕೆ ಎದುರಾಗಿ ಇನ್ನೊಬ್ಬ ಹವ್ಯಾಸಿಯನ್ನು ನಿಲ್ಲಿಸಬಹುದು. ಮೊಬೀಲ್ ನಗರದಲ್ಲಿ 1942ರಲ್ಲಿ ಹದಿಮೂರರ ಹುಡುಗನೊಬ್ಬ ತನ್ನ ಮನೆಯ ಸುತ್ತಲಿನ ಇರುವೆಗಳನ್ನೆಲ್ಲ ಒಂದೊಂದಾಗಿ ಗುರುತಿಸುತ್ತಿದ್ದ. ಅಲ್ಲಿ ಹಿಂದೆ ಕಾಣದ ಗೂಡೊಂದು ಅವನ ಕಣ್ಣಿಗೆ ಬಿತ್ತು. ಅದು ಬೆಂಕಿ ಇರುವೆಯದು. ಆ ದೇಶದಲ್ಲಿ ಅದರ ಮೊದಲ ದಾಖಲೆಗಳಲ್ಲೊಂದು. ಮುಂದೆ ಜಗತ್ಪ್ರಸಿದ್ಧ ಇರುವೆ ತಜ್ಞನಾಗಿ, ಜೀವಿವೈವಿಧ್ಯದ ವಕ್ತಾರನಾಗಿ ಬೆಳೆದ ಎಡ್ವರ್ಡ್ ವಿಲ್ಸನ್ನನೇ ಆ ಹುಡುಗ. ಒಬ್ಬ ಹವ್ಯಾಸಿ ಪರದೇಶದ ಜೀವಿಯನ್ನು ತಂದು ಬಿಟ್ಟ. ಇನ್ನೊಬ್ಬ ಬಂದು ಸೇರಿದ್ದನ್ನು ಗುರುತಿಸಿದ. ಇಬ್ಬರಲ್ಲೂ ಕುತೂಹಲವಿತ್ತು. ತನ್ನ ನೆಲವನ್ನು ಅರಿಯುವ ತಾಳ್ಮೆ ಎರಡನೆಯವನಲ್ಲಿತ್ತು.

ಪಶ್ಚಿಮಘಟ್ಟದ ಇರುವೆಗಳೂ ಈ ಹಂಬಲದ ವ್ಯಾಪ್ತಿಯಿಂದ ಹೊರಗಿಲ್ಲ. 'ಹಾರ್ಪೆಗ್ನಾಥಸ್ ಸಾಲ್ಟೇಟರ್' ಎಂಬ ನೆಗೆಯುವ ಇರುವೆಯನ್ನು ಜೆರ್ಡನ್ 1851ರಲ್ಲಿ ವೈಜ್ಞಾನಿಕವಾಗಿ ವರ್ಣಿಸಿದ. ಮಲೆನಾಡಿನ ದರಕಿನ ಮೇಲೆ ದೊಡ್ಡ ಕಣ್ಣು, ಇಕ್ಕಳದಂಥ ಉದ್ದ ದವಡೆಗಳೊಡನೆ ಒಂಟಿಯಾಗಿ ಬೇಟೆಯಾಡುವ ಈ ಇರುವೆಯಲ್ಲಿ, ರಾಣಿ ಸತ್ತಾಗ ಕೆಲಸಗಾರ ಇರುವೆಗಳು ಮೀಸೆಗಳಿಂದ ಪರಸ್ಪರ ಸೆಣಸಿ, ಗೆದ್ದವು ಮೊಟ್ಟೆಯಿಡತೊಡಗುತ್ತವೆ. ಅವುಗಳ ಆಯುಷ್ಯ ಹಲವು ಪಟ್ಟು ಹೆಚ್ಚುತ್ತದೆ, ಮಿದುಳು ಕುಗ್ಗುತ್ತದೆ. ಮತ್ತೆ ಕೆಲಸಕ್ಕೆ ಮರಳಿದರೆ ಮಿದುಳು ಮೊದಲಿನಂತಾಗುತ್ತದೆ ಎಂದು 2021ರಲ್ಲಿ ತಿಳಿದುಬಂತು. ಇದರ ವಂಶವಾಹಿಗಳ ಪೂರ್ಣ ನಕ್ಷೆ 2010ರಲ್ಲಿಯೇ ಸಿದ್ಧವಾಗಿದೆ. ವಿಜ್ಞಾನಕ್ಕೆ ಇಷ್ಟು ಬೆಲೆಯುಳ್ಳ ಈ ಕುಲದ ಇರುವೆಗಳು ಹೊರದೇಶದ ಹವ್ಯಾಸಿಗಳ ಮಾರಾಟಪಟ್ಟಿಯಲ್ಲೂ ಇವೆ.

ಭಾರತದಲ್ಲಿ ಕಾನೂನು ಇಲ್ಲದಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಂತೆ ವಿದೇಶೀಯರು ಸಂಶೋಧನೆಗಾಗಲೀ ವಾಣಿಜ್ಯಕ್ಕಾಗಲೀ ಇಲ್ಲಿಯ ಜೈವಿಕ ಸಂಪನ್ಮೂಲವನ್ನು ಪಡೆಯಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಡಾರ್ಜಿಲಿಂಗ್‌ನ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯಿಲ್ಲದೆ ಕೀಟ ಸಂಗ್ರಹಿಸಿದ ಝೆಕ್ ದೇಶದ ಇಬ್ಬರು 2008ರಲ್ಲಿ ವನ್ಯಜೀವಿ ಕಾನೂನಿನಡಿ ಶಿಕ್ಷೆಗೊಳಗಾದದ್ದೂ ಉಂಟು. ಆದರೆ 2023ರ ತಿದ್ದುಪಡಿಯು ಜೀವವೈವಿಧ್ಯ ಕಾಯಿದೆಯಲ್ಲಿದ್ದ ಸೆರೆವಾಸದ ಶಿಕ್ಷೆಯನ್ನು ತೆಗೆದು ಹಣದ ದಂಡವನ್ನಷ್ಟೇ ಉಳಿಸಿದೆ. ಕೀನ್ಯಾದಂಥ ದೇಶ ಇರುವೆಯ ಕಳ್ಳಸಾಗಣೆಯನ್ನೂ ಜೈವಿಕ ದರೋಡೆಯೆಂದು ಬಗೆದು ಬಿಗಿಯಾಗುತ್ತಿರುವಾಗ ಇಲ್ಲಿ ಕಾನೂನು ಸಡಿಲಗೊಂಡದ್ದು ಚಿಂತಿಸಬೇಕಾದ ವಿಷಯ.

ಮಲೆನಾಡಿಗರು ಚಗಳಿ ಕೊಟ್ಟೆಯನ್ನು ಇಳಿಸಿ ಚಟ್ನಿ ಅರೆಯುವುದಿಲ್ಲವೇ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸವಿದೆ. ಚಗಳಿ ಇಳಿಸುವವನಿಗೆ ಮರ ಗೊತ್ತು, ಕಾಲ ಗೊತ್ತು. ಮುಂದಿನ ವರ್ಷ ಕೊಟ್ಟೆ ಸಿಗದಿದ್ದರೆ ಮೊದಲು ತಿಳಿಯುವುದೂ ಅವನಿಗೇ. ಒಡಿಶಾದ ಸಿಮಿಲಿಪಾಲದ ಚಗಳಿ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆತಾಗ ಅದರ ಗೌರವ ಆ ನೆಲದ ಜನರಿಗೇ ಸಂದಿತು. ದೂರದೇಶದ ಕೊಳ್ಳುಗನಿಗೆ ಮಾತ್ರ ಮರವೂ ಕಾಣದು, ಬರಿದಾದ ಮರದ ಕೊರತೆಯೂ ತಟ್ಟದು.

ಕೀನ್ಯಾದ ತೀರ್ಪಿನಲ್ಲಿ ಹಳ್ಳಿಯ ತರುಣರು ವಿಶೇಷವಾಗಿ ಗಮನಿಸಬೇಕಾದದ್ದು ಒಂದಿದೆ. ದಂಡ ನಾಲ್ವರಿಗೂ ಒಂದೇ. ಅದರ ಭಾರ ಒಂದೇ ಅಲ್ಲ. ಬೆಲ್ಜಿಯಂನ ತರುಣರು ತಾವು ಹವ್ಯಾಸಿಗಳೆಂದೂ ಕಾನೂನು ತಿಳಿಯದೆಂದೂ ನ್ಯಾಯಾಲಯಕ್ಕೆ ಹೇಳಿಕೊಂಡರು. ಸ್ಥಳೀಯನಿಗೆ ಹತ್ತು ಲಕ್ಷ ಶಿಲಿಂಗ್ ಎಂಬುದು ಬಾಳಿನ ದಿಕ್ಕನ್ನೇ ತಪ್ಪಿಸುವ ಮೊತ್ತ. ವ್ಯಾಪಾರದ ಲಾಭ ದೂರದ ನಗರದಲ್ಲಿ ಉಳಿಯುತ್ತದೆ. ನೆಲ ಅಗೆದವನ ಕೈಗೆ ಚಿಲ್ಲರೆ, ಸಿಕ್ಕಿಬಿದ್ದಾಗ ಕೊರಳಿಗೆ ಉರುಳು. ಶ್ರೀಗಂಧದ ವಿಷಯದಲ್ಲಿ ಮಲೆನಾಡು ಈ ಪಾಠವನ್ನು ಈಗಾಗಲೇ ಕಲಿತಿದೆ. ಇರುವೆಯ ವಿಷಯದಲ್ಲಿ ಮತ್ತೆ ಕಲಿಯುವ ಅಗತ್ಯ ಬರಬಾರದು.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ದಾಖಲೆಯಲ್ಲಿ ಮರ, ಹಕ್ಕಿ, ಮೀನುಗಳೊಡನೆ ಇರುವೆಗಳಿಗೂ ಒಂದು ಪುಟವಿಡಲಿ. ಚಗಳಿ, ಕಟ್ಟಿರುವೆ, ಗೊದ್ದ, ಕೆಂಜಿಗ ಎಂದು ಹಿರಿಯರು ಗುರುತಿಸುವ ಹೆಸರುಗಳನ್ನೂ ಅವುಗಳ ನೆಲೆ, ಹಾರಾಟದ ಕಾಲಗಳನ್ನೂ ಶಾಲೆಯ ಮಕ್ಕಳು ಬರೆದಿಡಲಿ. ಸಾಕಿ ನೋಡುವ ಆಸೆಯಿದ್ದವರು ತಮ್ಮ ಹಿತ್ತಲಿನ ಜಾತಿಯನ್ನೇ ನೋಡಿ, ಹಿಡಿದಲ್ಲಿಯೇ ಮರಳಿ ಬಿಡಲಿ. ಪರದೇಶದ ರಾಣಿಯನ್ನು ಕೊಳ್ಳದಿರಲಿ, ಇಲ್ಲಿಯದನ್ನು ಯಾವ ಬೆಲೆಗೂ ಮಾರದಿರಲಿ. ರಾಣಿ ಇರುವೆಗೆ ಇಷ್ಟು ಕೊಡುತ್ತೇನೆಂದು ಊರಿಗೆ ಬಂದವರ ವಿಚಾರ ಅಂದೇ ಸಮಿತಿಗೂ ಅರಣ್ಯ ಇಲಾಖೆಗೂ ತಲುಪಲಿ.

ಮುಂದಿನ ಮಳೆಗೆ ಅಂಗಳದಲ್ಲಿ ರೆಕ್ಕೆ ಕಳಚಿ ಓಡಾಡುವ ರಾಣಿಯೊಂದು ಕಂಡೀತು. ಅದರ ಬೆನ್ನುಹತ್ತಿ, ಅದು ಎಲ್ಲಿ ಬಿಲ ತೋಡಿತೆಂದು ನೋಡಿ, ಅಲ್ಲೊಂದು ಕಡ್ಡಿ ನೆಟ್ಟು, ಕೆಲವು ವಾರಗಳ ಬಳಿಕ ಮೊದಲ ಇರುವೆ ಹೊರಬಂದ ದಿನವನ್ನು ಬರೆದಿಟ್ಟುಕೊಳ್ಳುವ ವಿದ್ಯಾರ್ಥಿಗೆ ಗಾಜಿನ ನಳಿಕೆಯ ಅಗತ್ಯವೇ ಬೀಳದು.