ಅದೇ ಕನಸು ಮತ್ತೆ ಮತ್ತೆ ಏಕೆ ಬೀಳುತ್ತದೆ?

ಅಬ್ಬಾ ತೀರಿಕೊಂಡ ಮೇಲೆ ನಮ್ಮ ಅಮ್ಮಿಗೆ ವಾರಕ್ಕೆ ಎರಡು ಮೂರು ಸಲ ಒಂದೇ ಕನಸು ಬೀಳುತ್ತಿತ್ತು. ಅಬ್ಬಾ ಬಾಗಿಲಲ್ಲಿ ನಿಂತು ನೀರು ಕೇಳುತ್ತಾರೆ. ಅಮ್ಮಿ ಮನೆಯೆಲ್ಲ ತಂಬಿಗೆ ಹುಡುಕುತ್ತಾರೆ, ಸಿಗುವುದಿಲ್ಲ. ಅಷ್ಟರಲ್ಲಿ ಎಚ್ಚರವಾಗುತ್ತದೆ. ಓಣಿಯ ಒಬ್ಬರು ‘ಕಬರಿನಲ್ಲಿ ಅವರಿಗೆ ಸಂಕಟವಿದೆ’ ಎಂದರು. ಇನ್ನೊಬ್ಬರು ‘ಯಾರೋ ಮಾಟ ಮಾಡಿಸಿದ್ದಾರೆ’ ಎಂದರು. ತಾಯಿತಕ್ಕೆ ಎರಡು ಸಲ ಹಣ ಹೋಯಿತು. ಕನಸು ಮಾತ್ರ ಹೋಗಲಿಲ್ಲ. ಅಮ್ಮಿಯ ನಿದ್ದೆ ಕೆಟ್ಟಿತು, ಊಟ ಕಡಿಮೆಯಾಯಿತು, ರಕ್ತದೊತ್ತಡ ಏರಿತು.

ಒಂದು ದಿನ ಫಜ್ರ್ ನಮಾಝಿನ ನಂತರ ಚಹಾ ಕುಡಿಯುವಾಗ ಆಪಾ ಕೇಳಿದಳು: ‘ಅಮ್ಮಿ, ಅಬ್ಬಾ ನಿಜವಾಗಿ ಯಾವಾಗಲಾದರೂ ಹಾಗೆ ನೀರು ಕೇಳಿದ್ದರಾ?’ ಅಮ್ಮಿ ಅತ್ತುಬಿಟ್ಟರು. ಆಸ್ಪತ್ರೆಯಲ್ಲಿ ಕೊನೆಯ ದಿನ ಅಬ್ಬಾ ನೀರು ಕೇಳಿದ್ದರಂತೆ. ಬಾಯಿಗೆ ಏನೂ ಕೊಡಬಾರದೆಂದು ವೈದ್ಯರು ಹೇಳಿದ್ದರಿಂದ ಅಮ್ಮಿ ಕೊಟ್ಟಿರಲಿಲ್ಲ. ಆ ಮಾತನ್ನು ಅವರು ಯಾರ ಮುಂದೆಯೂ ಆಡಿರಲಿಲ್ಲ. ಕನಸಿನ ಅರ್ಥ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಮ್ಮಿಗೆ ಗೊತ್ತಿತ್ತು.

ಪ್ರಿಯ ಓದುಗರೇ, ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಲ್ಲಿಗೆ ಹೋದರೂ ಕನಸಿಗೆ ಸಿದ್ಧ ಉತ್ತರಗಳಿವೆ. ಹಲ್ಲು ಬಿದ್ದರೆ ಮನೆಯಲ್ಲಿ ಸಾವು, ಹಾವು ಕಂಡರೆ ಶತ್ರು. ಒಂದೇ ಕನಸು ಮರಳಿ ಮರಳಿ ಬಿದ್ದರಂತೂ ಹೆದರಿಕೆ ಇಮ್ಮಡಿಯಾಗುತ್ತದೆ. ಆದರೆ ಎಲ್ಲರ ಕನಸಿಗೂ ಒಂದೇ ಅರ್ಥ ಕಟ್ಟುವುದು ಸರಿಯಲ್ಲ.

ಕನಸುಗಳಲ್ಲಿ ಮೂರು ಬಗೆ ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ: ಅಲ್ಲಾಹನ ಕಡೆಯಿಂದ ಬರುವ ಶುಭವಾರ್ತೆ, ಶೈತಾನನು ದುಃಖಪಡಿಸಲು ತೋರಿಸುವುದು, ಮತ್ತು ಮನುಷ್ಯನ ಮನಸ್ಸು ತನ್ನೊಂದಿಗೇ ಆಡಿಕೊಳ್ಳುವ ಮಾತು. ಈ ಮೂರನೆಯದನ್ನು ನಾವು ಮರೆತೇಬಿಟ್ಟಿದ್ದೇವೆ. ಮತ್ತೆ ಮತ್ತೆ ಬೀಳುವ ಕನಸುಗಳಲ್ಲಿ ಹೆಚ್ಚಿನವು ಈ ಬಗೆಯವೇ ಎಂಬುದು ನನ್ನ ಅಭಿಪ್ರಾಯ.

ಕನಸಿನ ಅರ್ಥ ಹೇಳುವುದರಲ್ಲಿ ಹೆಸರಾದ ಇಬ್ನು ಸೀರೀನ್‌ರ ಬಗ್ಗೆ ಒಂದು ಪ್ರಸಂಗ ಪ್ರಸಿದ್ಧ. ಇಬ್ಬರು ಬಂದು, ತಾವು ಅದಾನ್ ಕೊಡುವ ಕನಸು ಕಂಡೆವೆಂದರಂತೆ. ಒಬ್ಬನಿಗೆ ಹಜ್ಜ್ ಭಾಗ್ಯವಿದೆ ಎಂದರು, ಇನ್ನೊಬ್ಬನಿಗೆ ಕಳ್ಳತನದ ಆರೋಪ ಬರಲಿದೆ ಎಂದರು. ಕನಸು ಒಂದೇ, ಕಂಡವರು ಬೇರೆ. ಅವರ ಹೆಸರಿನಲ್ಲಿ ಮಾರಾಟವಾಗುವ ಪುಸ್ತಕ ತೆರೆದು ‘ಹಾವು’ ಎಂಬಲ್ಲಿ ಬೆರಳಿಡುವವರು ಇದನ್ನು ನೆನಪಿಡಬೇಕು.

ವಿಜ್ಞಾನವೂ ಇದಕ್ಕೆ ದೂರವಿಲ್ಲ. ನಿದ್ದೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗಳು ವೇಗವಾಗಿ ಚಲಿಸುತ್ತವೆ ಎಂಬುದನ್ನು 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಪ್ರಕಟಿಸಿದರು. ಸುಮಾರು 90 ನಿಮಿಷಕ್ಕೊಮ್ಮೆ ಮರಳುವ ಆ ಹಂತದಲ್ಲೇ ಸ್ಪಷ್ಟವಾದ ಕನಸುಗಳು ಹೆಚ್ಚು. ಹಗಲಿನ ಚಿಂತೆ, ಭಯ, ಅಗಲಿಕೆಯ ನೋವು ಆಗ ಬೇರೆ ವೇಷದಲ್ಲಿ ಬರುತ್ತವೆ. 2019ರ ಆಗಸ್ಟ್‌ನಲ್ಲಿ ವರದಾ ನದಿ ಉಕ್ಕಿ ಹಾನಗಲ್ಲ, ಸವಣೂರು ತಾಲೂಕುಗಳ ಊರುಗಳಿಗೆ ನೀರು ನುಗ್ಗಿತ್ತು. ಅಂದು ಮನೆ ಕಳೆದುಕೊಂಡವರಿಗೆ ಕನಸಿನಲ್ಲಿ ನೀರು ಬಂದರೆ ಅದು ಹಳೆಯ ಗಾಯ. ಸಾಲದ ಕಂತು ತಪ್ಪಿದ ರೈತನಿಗೆ ಅದೇ ನೀರು ಬಂದರೆ ಅದು ನಾಳಿನ ಚಿಂತೆ.

ಹಾಗಾದರೆ ನೀವೇನು ಮಾಡಬೇಕು? ಎದ್ದ ಕೂಡಲೇ ಕನಸನ್ನು ನಾಲ್ಕು ಸಾಲು ಬರೆದಿಡಿ. ಪಕ್ಕದಲ್ಲಿ, ಕನಸಿನಲ್ಲಿ ನಿಮಗೆ ಆದದ್ದೇನು ಎಂದು ಬರೆಯಿರಿ: ಭಯವೇ, ನಾಚಿಕೆಯೇ, ಅಪರಾಧ ಭಾವವೇ? ಹಿಂದಿನ ದಿನ ಅದೇ ಭಾವನೆ ಎಲ್ಲಿ ಬಂದಿತ್ತು ಎಂದು ಯೋಚಿಸಿ. ಎರಡು ವಾರ ಹೀಗೆ ಮಾಡಿದರೆ ಎಷ್ಟೋ ಸಲ ಎಳೆ ಸಿಗುತ್ತದೆ. ಕೊಡಬೇಕಾದ ಹಣವಿದ್ದರೆ ಕೊಡಿ, ಕೇಳಬೇಕಾದ ಕ್ಷಮೆಯಿದ್ದರೆ ಕೇಳಿ. ಹೆದರಿಸುವ ಕನಸಾದರೆ ಹಗಲಿನಲ್ಲಿ ಕೂತು ಅದರ ಕೊನೆಯನ್ನು ಒಳ್ಳೆಯದಾಗಿ ಬದಲಿಸಿ, ದಿನಕ್ಕೆ ಹತ್ತು ನಿಮಿಷ ಅದನ್ನೇ ಮನಸ್ಸಿನಲ್ಲಿ ನಡೆಸಿ. ಮನೋವೈದ್ಯರು ಬಳಸುವ ವಿಧಾನವೇ ಇದು.

ಮಲಗುವ ಮುನ್ನ ವುಝೂ ಮಾಡುವುದು, ಹಾಸಿಗೆ ಕೊಡವುವುದು, ಬಲಮಗ್ಗುಲಲ್ಲಿ ಮಲಗುವುದು, ಇಶಾ ನಂತರ ಹರಟೆಯಲ್ಲಿ ಕೂರದಿರುವುದು ನಮಗೆ ಕಲಿಸಿದ ಶಿಸ್ತು. ಇಂದು ಹರಟೆಯ ಜಾಗಕ್ಕೆ ಮೊಬೈಲ್ ಬಂದಿದೆ. ಅದನ್ನು ಬೇರೆ ಕೋಣೆಯಲ್ಲಿಡಿ. ರಾತ್ರಿ ತಡವಾಗಿ ಬಿರಿಯಾನಿ ಉಂಡು, ಮೇಲೆ ಚಹಾ ಕುಡಿದು ಮಲಗಿದರೆ ನಿದ್ದೆ ಒಡೆಯುತ್ತದೆ, ಕೆಟ್ಟ ಕನಸು ನೆನಪಿನಲ್ಲಿ ಉಳಿಯುತ್ತದೆ.

ಕೆಲವು ಕನಸುಗಳಿಗೆ ವೈದ್ಯರೇ ಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ಕೆಟ್ಟ ಕನಸು ಬೀಳಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ. ವಯಸ್ಸಾದವರು ಕನಸಿನಲ್ಲೇ ಕೂಗುತ್ತಾ ಕೈಕಾಲು ಬೀಸಿದರೆ ನರರೋಗ ತಜ್ಞರಿಗೆ ತೋರಿಸಿ. ಅಪಘಾತ, ಪ್ರವಾಹ, ಹೊಡೆತ ಕಂಡವರಿಗೆ ಅದೇ ದೃಶ್ಯ ತಿಂಗಳುಗಟ್ಟಲೆ ಮರಳಿದರೆ, ಬದುಕು ಬೇಡವೆನಿಸಿದರೆ ತಡಮಾಡಬೇಡಿ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 14416 ಟೆಲಿಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

‘ಕೆಟ್ಟ ಕನಸನ್ನು ಯಾರಿಗೂ ಹೇಳಬಾರದಲ್ಲವೇ?’ ಎಂದು ನೀವು ಕೇಳಬಹುದು. ಹೌದು, ಎಚ್ಚರವಾದರೆ ಅಲ್ಲಾಹನ ಅಭಯ ಬೇಡಿ, ಮಗ್ಗುಲು ಬದಲಿಸಿ ಮಲಗಬೇಕು, ಅದನ್ನು ಸಾರುತ್ತಾ ಹೋಗಬಾರದು. ಆದರೆ ವೈದ್ಯರ ಮುಂದೆ ಹೇಳುವುದು ರೋಗಲಕ್ಷಣ ಹೇಳಿದಂತೆ. ಚಿಕಿತ್ಸೆ ಪಡೆಯಿರಿ ಎಂದು ಹೇಳಿದವರೂ ಅದೇ ಪ್ರವಾದಿ(ಸ)ರು.

ಅಂದು ಆಪಾ ಅಮ್ಮಿಗೆ ಹೇಳಿದ್ದು ಇಷ್ಟೇ: ‘ನೀವು ನೀರು ಕೊಡದೆ ಇದ್ದದ್ದು ಅಬ್ಬಾ ಉಳಿಯಲಿ ಎಂದು.’ ಮುಂದೆ ಅಬ್ಬಾರ ಹೆಸರಿನಲ್ಲಿ ಸಂತೆ ದಾರಿಯಲ್ಲಿ ಕುಡಿಯುವ ನೀರಿನ ಅರವಟಿಗೆ ಇಟ್ಟೆವು. ತಾಯಿಯ ಹೆಸರಿನಲ್ಲಿ ಯಾವ ದಾನ ಮೇಲೆಂದು ಕೇಳಿದ ಸಅದ್(ರ)ರಿಗೆ ಸಿಕ್ಕ ಉತ್ತರವೂ ನೀರೇ ಆಗಿತ್ತು. ಕನಸು ಕಡಿಮೆಯಾಗುತ್ತಾ ಬಂತು. ಈಗಲೂ ವರ್ಷಕ್ಕೊಮ್ಮೆ ಬೀಳುತ್ತದೆ. ಅಮ್ಮಿ ಎದ್ದು, ಅಬ್ಬಾರಿಗೆ ದುಆ ಮಾಡಿ, ಮತ್ತೆ ಮಲಗುತ್ತಾರೆ.

ನಿಮ್ಮ ಮನೆಯಲ್ಲೂ ಯಾರಾದರೂ ಅದೇ ಕನಸಿಗೆ ಎಚ್ಚರಗೊಳ್ಳುತ್ತಿರಬಹುದು. ಅರ್ಥ ಹೇಳಲು ಹೋಗಬೇಡಿ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.